ಪ್ರಸಂಗಿ ಓದಿ, ಆದರೆ ಕೂತು ಊಟ ಮಾಡಿ

ಹುಬ್ಬಳ್ಳಿ ಕಡೆಯ ಓದುಗರೊಬ್ಬರ ಪತ್ರ ಮೂರು ದಿನದಿಂದ ನನ್ನ ಮೇಜಿನ ಮೇಲಿದೆ. ಗಂಡ ತೀರಿಕೊಂಡು ಹತ್ತು ತಿಂಗಳು. ಮಗ ಪುಣೆಯಲ್ಲಿ ಕೆಲಸದಲ್ಲಿದ್ದಾನೆ. ನಿದ್ದೆ ಬಾರದ ರಾತ್ರಿ ಸತ್ಯವೇದ, ಅಂದರೆ ಬೈಬಲ್, ತೆಗೆದರೆ ಅದರೊಳಗಿನ ಪ್ರಸಂಗಿಯ ಪುಸ್ತಕ ಬಿಟ್ಟು ಮುಂದೆ ಹೋಗೋಕೇ ಆಗುವುದಿಲ್ಲವಂತೆ. 'ಸಮಸ್ತವೂ ವ್ಯರ್ಥ ಅಂತ ದೇವರ ವಾಕ್ಯವೇ ಹೇಳಿದರೆ, ಬದುಕಿಗೆ ಅರ್ಥ ಇನ್ನೆಲ್ಲಿ ಹುಡುಕಲಿ?' ಅಂತ ಕೇಳಿದ್ದಾರೆ. ಚರ್ಚಿನ ಸಭೆಯ ಹಿರಿಯರೊಬ್ಬರು ಮನೆಗೆ ಬಂದು, 'ಅದನ್ನು ಮುಚ್ಚಿಡಿ, ಜ್ಞಾನೋಕ್ತಿಗಳ ಪುಸ್ತಕ ಓದಿ. ಮನೆಯಲ್ಲಿ ಯಾವುದೋ ತಪ್ಪು ನಡೆದಿರಬೇಕು, ಅದಕ್ಕೇ ಹೀಗಾಗಿದೆ' ಎಂದರಂತೆ.

ಮೊದಲು ಈ ಹಿರಿಯರ ಲೆಕ್ಕ ಚುಕ್ತಾ ಮಾಡುತ್ತೇನೆ. ಇವರು ಅದೇ ಸತ್ಯವೇದದಲ್ಲಿರುವ ಯೋಬನ ಪುಸ್ತಕ ಓದಿರಲೇಬೇಕು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳಕೊಂಡು ಬೂದಿಯಲ್ಲಿ ಕೂತವನ ಹತ್ತಿರ ಮೂವರು ಗೆಳೆಯರು ಬಂದರು. ಏಳು ದಿನ, ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದ ಮೇಲೆ 'ನೀನೇನೋ ಪಾಪ ಮಾಡಿರಬೇಕು' ಅನ್ನುವುದೇ ರಾಗ. ದೇವರನ್ನೇ ವಾದಕ್ಕೆ ಕರೆದವನು ಯೋಬ. ಆದರೂ 42ನೇ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಆ ಮೂವರಲ್ಲೊಬ್ಬನಾದ ಎಲೀಫಜನ ಮೇಲೆ, ಅವನ ಇಬ್ಬರು ಗೆಳೆಯರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದ್ದು ಸರಿ, ನೀವು ಆಡಿದ್ದಲ್ಲ ಅನ್ನುತ್ತಾನೆ. ಸಾವಿನ ಮನೆಗೆ ಬಂದು ಕಾರಣ ಹುಡುಕುವವರನ್ನು ಈ ಅಂಕಣದಲ್ಲಿ ಎಷ್ಟು ಸಲ ಬೈದಿದ್ದೇನೋ, ಇನ್ನೂ ಬೈಯುತ್ತೇನೆ.

ಇನ್ನು ಪ್ರಸಂಗಿ. ನೀವು 'ವ್ಯರ್ಥ' ಅಂತ ಓದುವ ಕಡೆ ಹೀಬ್ರೂವಿನಲ್ಲಿರುವುದು 'ಹೆವೆಲ್'. ಉಸಿರು, ಹಬೆ ಅಂತ ಅರ್ಥ. ಚಳಿಗಾಲದ ಬೆಳಗ್ಗೆ ಬಾಯಿಂದ ಹೊರಡುತ್ತದಲ್ಲ, ಅದು. ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಈ ಪುಸ್ತಕದಲ್ಲಿ ಮಾತಾಡುವ ಮನುಷ್ಯ ಮನೆಗಳನ್ನು ಕಟ್ಟಿಸಿದ, ದ್ರಾಕ್ಷಿತೋಟ ಮಾಡಿದ, ಬೆಳ್ಳಿ ಬಂಗಾರ ಕೂಡಿಸಿದ. ಅದೆಲ್ಲ ಆದ ಮೇಲೆ ತಿರುಗಿ ತಿರುಗಿ ಬಂದು ನಿಲ್ಲುವುದು ಊಟದ ಮುಂದೆ. 2ನೇ ಅಧ್ಯಾಯದಲ್ಲಿ ಅದೇ ಮಾತು, 3ರಲ್ಲಿ, 5ರಲ್ಲಿ, 8ರಲ್ಲಿ, 9ರಲ್ಲೂ ಅದೇ: ಉಣ್ಣು, ಕುಡಿ, ಸಂತೋಷವಾಗಿರು.

ಈಗ ನಿಮ್ಮ ಪತ್ರದ ಕೊನೆಯ ಪುಟ. 'ಅತ್ತೆಗೆ ಏಳಕ್ಕೆ ಕೋಣೆಗೇ ತಟ್ಟೆ ಕೊಟ್ಟು ಬರ್ತೀನಿ. ನಾನು ಒಲೆ ಹತ್ತಿರ ನಿಂತೇ ಒಂದು ರೊಟ್ಟಿ ತಿಂದು ಮುಗಿಸ್ತೀನಿ.' ಈ ಮಾತನ್ನು ಕಂಸದೊಳಗೆ ಹಾಕಿ ಬರೆದಿದ್ದೀರಿ! ನಾಲ್ಕು ಪುಟದಲ್ಲಿ ಅತ್ತೆ ಬಂದಿದ್ದು ಇಲ್ಲಿ ಮಾತ್ರ. ನಿಮ್ಮ ಗಂಡ ಅವರ ಮಗ ಅಲ್ವಾ? ಒಂದೇ ಸಾವಿಗೆ ಅಳುವ ಇಬ್ಬರು ಗೋಡೆಯ ಆಚೆ ಈಚೆ ಬೇರೆ ಬೇರೆ ಉಣ್ಣುತ್ತಿದ್ದೀರಿ. ಒಬ್ಬರಿಗಿಂತ ಇಬ್ಬರು ಮೇಲು ಅಂದಿದ್ದೂ ಇದೇ ಪ್ರಸಂಗಿ, 4ನೇ ಅಧ್ಯಾಯದಲ್ಲಿ. ಮದುವೆಯಲ್ಲಿ ಓದುವ ಮಾತು, ನನಗಿನ್ನು ಯಾಕೆ ಅಂತ ದಾಟಿ ಹೋಗಿರಬೇಕು ನೀವು. ಅಲ್ಲಿ ಮದುವೆಯ ಸುದ್ದಿಯೇ ಇಲ್ಲ. ಬಿದ್ದವರನ್ನು ಎತ್ತೋಕೆ ಇನ್ನೊಬ್ಬರಿರಬೇಕು ಅಂತ ಇದೆ.

ಹಾಗಾಗಿ ಒಂದೇ ಮಾತು. ಇವತ್ತು ರಾತ್ರಿ ಅತ್ತೆಯನ್ನು ಹೊರಗೆ ಕರೆಯಿರಿ, ಬರಲ್ಲ ಅಂದರೆ ನಿಮ್ಮ ತಟ್ಟೆಯನ್ನೂ ಅಲ್ಲಿಗೇ ಒಯ್ಯಿರಿ. ಕೂತು ಉಣ್ಣಿ. ಮಾತಾಡದಿದ್ದರೂ ನಡೆಯುತ್ತೆ. ಪ್ರಸಂಗಿ ಊಟ ಆದ ಮೇಲೆ. ಆ ಹಿರಿಯರು ಮತ್ತೆ ಬಂದರೆ ಅವರಿಗೂ ಎರಡು ರೊಟ್ಟಿ ಬಡಿಸಿ, ಮೆಣಸಿನಕಾಯಿಯ ರಂಜಕ ಸ್ವಲ್ಪ ಜಾಸ್ತಿಯೇ ಹಾಕಿ.