ಆ ಷಟ್ಕೋನ ಚಪ್ಪಟೆಯಾಗಿಲ್ಲ

ಪ್ರಶ್ನೆ: ಮೇಡಂ, ಷಟ್ಕೋನದ ಒಳಕೋನ 120 ಡಿಗ್ರಿ. ನಾಲ್ಕು ಬಂಧದ ಕಾರ್ಬನ್‌ಗೆ ಬೇಕಾದದ್ದು 109.5. ಆದರೂ ಆರು ಕಾರ್ಬನ್‌ಗಳ ಸೈಕ್ಲೋಹೆಕ್ಸೇನ್ ಉಂಗುರದಲ್ಲಿ ಬಿಗಿತವೇ ಇಲ್ಲ ಅಂತಾರಲ್ಲ, ಹೇಗೆ?
– ಪದವಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಲೆಕ್ಕ ಸರಿಯಾಗಿಯೇ ಇದೆ. ಉಂಗುರ ಚಪ್ಪಟೆ ಅಂದುಕೊಂಡಿದ್ದೇ ಗೊಂದಲಕ್ಕೆ ಕಾರಣ. 1885ರಲ್ಲಿ ರಸಾಯನ ವಿಜ್ಞಾನಿ ಬೇಯರ್ ಕೂಡ ಹಾಗೇ ಅಂದುಕೊಂಡಿದ್ದರು.

ಗುಂಡು-ಕಡ್ಡಿಯ ಮಾಡೆಲ್ ಸಿಕ್ಕರೆ ದಯವಿಟ್ಟು ಕೈಗೆ ತಗೊಳ್ಳಿ. ಇದನ್ನು ಬರೆಯುವಾಗ ನನ್ನ ಮೇಜಿನ ಮೇಲೂ ಒಂದಿದೆ. ಮೊದಲು ಕಾರ್ಬನ್‌ಗಳಾದ ಆರು ಕರಿ ಗುಂಡುಗಳನ್ನಷ್ಟೇ ಉಂಗುರವಾಗಿ ಜೋಡಿಸಿ, ಅಂಗೈಯಿಂದ ಮೇಜಿಗೆ ಒತ್ತಿ. ಕಡ್ಡಿಗಳು ಬಾಗುವುದು ಕೈಗೇ ಗೊತ್ತಾಗುತ್ತೆ. ಅದೇ ಬಿಗಿತ. ಕೈ ತೆಗೆದರೆ ಉಂಗುರ ತಟ್ಟನೆ ಮೇಲೇಳುತ್ತೆ. ಒಂದು ತುದಿ ಮೇಲಕ್ಕೂ ಎದುರಿನದು ಕೆಳಕ್ಕೂ ಬರುವಂತೆ ಹೊಂದಿಸಿ. ಇದು ಕುರ್ಚಿ ರೂಪ. ಈಗ ಯಾವ ಕಡ್ಡಿಯೂ ಬಾಗಿಲ್ಲ, ಅಲ್ವಾ?

ಕೋನ ಸರಿಹೋಯಿತು. ಆದರೆ ಅಷ್ಟೇ ಸಾಲದು. ಹೈಡ್ರೋಜನ್‌ಗಳಾದ ಹನ್ನೆರಡು ಬಿಳಿ ಗುಂಡುಗಳನ್ನೂ ಸಿಕ್ಕಿಸಿ. ಒಂದು ಕಣ್ಣು ಮುಚ್ಚಿ, ಎರಡು ಕಾರ್ಬನ್ ನಡುವಿನ ಕಡ್ಡಿಯ ನೇರಕ್ಕೆ ನೋಡಿ. ಹಿಂದಿನ ಹೈಡ್ರೋಜನ್‌ಗಳು ಮುಂದಿನವುಗಳ ಸಂದಿಯಲ್ಲಿ ಕಾಣುತ್ತವೆ. ಆರೂ ಕಡ್ಡಿಗಳಲ್ಲಿ ಹೀಗೇ. ಒಂದರ ಹಿಂದೊಂದು ಬಂದರೆ ಆಗುವ ಬಿಗಿತವೂ ಇಲ್ಲಿ ಇಲ್ಲ. ಕೆಳಗಿನ ತುದಿಯನ್ನೂ ಮೇಲೆತ್ತಿದರೆ ದೋಣಿ ರೂಪ. ಅಲ್ಲೂ ಕೋನ ಕೆಡುವುದಿಲ್ಲ. ಆದರೆ ದೋಣಿಯ ಎರಡು ಬದಿಯ ಕಡ್ಡಿಗಳಲ್ಲಿ ಹೈಡ್ರೋಜನ್‌ಗಳು ಒಂದರ ಹಿಂದೊಂದು ಅಡಗುತ್ತವೆ. ಎರಡು ತುದಿಗಳಲ್ಲಿ ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬರುತ್ತವೆ. ಅದಕ್ಕೇ ದೋಣಿಯ ಶಕ್ತಿ ಕುರ್ಚಿಗಿಂತ ಪ್ರತಿ ಮೋಲ್‌ಗೆ ಸುಮಾರು 28 ಕಿಲೋಜೌಲ್ ಜಾಸ್ತಿ.

ಚಪ್ಪಟೆಯಲ್ಲದ ಈ ಉಂಗುರಗಳನ್ನು 1890ರಲ್ಲೇ ಲೆಕ್ಕ ಹಾಕಿ ತೋರಿಸಿದವರು ರಸಾಯನ ವಿಜ್ಞಾನಿ ಹರ್ಮನ್ ಸಾಕ್ಸೆ. ಹೆಚ್ಚಿನವರು ಕಿವಿಗೊಡಲಿಲ್ಲ. 1893ರಲ್ಲಿ ಅವರು ತೀರಿಕೊಂಡರು. ಹ್ಯಾಸೆಲ್ ಮತ್ತು ಬಾರ್ಟನ್‌ಗೆ ಇದೇ ಬಗೆಯ ಕೆಲಸಕ್ಕೆ ನೊಬೆಲ್ ಬಂದದ್ದು 1969ರಲ್ಲಿ. ಈ ಪಾಠ ಮಾಡುವಾಗ ಸಾಕ್ಸೆ ಹೆಸರು ಹೇಳದೆ ನಾನು ಮುಂದೆ ಹೋಗುವುದಿಲ್ಲ.

ಇನ್ನೊಂದು ಮಾತು. ಕುರ್ಚಿ ಸುಮ್ನೆ ಕೂತಿರುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಸೆಕೆಂಡಿಗೆ ಸುಮಾರು ಒಂದು ಲಕ್ಷ ಸಲ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಮಗುಚುತ್ತೆ. ಆಗ ನೆಟ್ಟಗೆ ನಿಂತಿದ್ದ ಆಕ್ಸಿಯಲ್ ಗುಂಡು ಪಕ್ಕಕ್ಕೆ ಚಾಚಿದ ಈಕ್ವಟೋರಿಯಲ್ ಆಗುತ್ತೆ. ಒಂದು ಹೈಡ್ರೋಜನ್ ತೆಗೆದು ಮೀಥೈಲ್ (CH₃) ಗುಂಪು ಹಾಕಿದರೆ, ಸುಮಾರು 95 ಶೇಕಡಾ ಅಣುಗಳಲ್ಲಿ ಅದು ಪಕ್ಕಕ್ಕೇ ಚಾಚಿರುತ್ತೆ. ಯಾಕೆ ಅಂತ ತಿಳಿಯಬೇಕಾ? ಮಾಡೆಲ್‌ನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿ. ಅದೇ ಬದಿಯಲ್ಲಿ ನೆಟ್ಟಗೆ ನಿಂತ ಇನ್ನೆರಡು ಹೈಡ್ರೋಜನ್‌ಗಳು ಅದಕ್ಕೆ ಎಷ್ಟು ಹತ್ತಿರ ಇವೆ ನೋಡಿ.