ಹಂಡೆ ಗುಜರಿಗೆ ಹೋಯಿತು, ಅತ್ತೆ ಹಬ್ಬಕ್ಕೆ ಬರುತ್ತಾರೆ

ಪ್ರಶ್ನೆ: ಬೆಂಗಳೂರಿನಲ್ಲಿ ಎರಡು ಬೆಡ್‌ರೂಮಿನ ಫ್ಲ್ಯಾಟ್ ನಮ್ಮದು. ನಾನು, ಗಂಡ, ಆರು ವರ್ಷದ ಮಗಳು, ಸಾಗರದ ಕಡೆಯ ಅತ್ತೆ. ಅಟ್ಟ, ಮಂಚದ ಕೆಳಗೆ, ಬಾಲ್ಕನಿ, ಎಲ್ಲಿ ನೋಡಿದರೂ ಸಾಮಾನು. ಧೂಳು ಹೊಡೆಯುವವಳು ನಾನೊಬ್ಬಳೇ. ಕಡಿಮೆ ಸಾಮಾನಿನಲ್ಲಿ ಬದುಕುವ ಮಿನಿಮಲಿಸಂ ಕುರಿತ ವಿಡಿಯೊ ನೋಡಿ ಮನೆ ಹಗುರ ಮಾಡಲು ಹೊರಟೆ. ಅತ್ತೆ ಮಗಳ ಮನೆಗೆ ಹೋಗಿದ್ದಾಗ ಅವರ ತಾಮ್ರದ ಹಂಡೆಯನ್ನು ಗುಜರಿಗೆ ಹಾಕಿದೆ. ದೀಪಾವಳಿ ಬಿಟ್ಟರೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಬಂದ ಹಣದಲ್ಲಿ ಅಡುಗೆಮನೆಗೆ ಒಂದೇ ಅಳತೆಯ ಪಾರದರ್ಶಕ ಡಬ್ಬಿಗಳನ್ನು ತಂದೆ. ಈಗ ಅತ್ತೆ ಹಬ್ಬಕ್ಕೆ ವಾಪಸಾಗುತ್ತಿದ್ದಾರೆ. ‘ಕಲಾಯಿಗೆ ಕೊಟ್ಟಿದ್ದೇವೆ ಎಂದುಬಿಡು’ ಎನ್ನುತ್ತಾರೆ ನನ್ನವರು. ಏನು ಮಾಡಲಿ? ಅವರ ಟ್ರೆಡ್‌ಮಿಲ್ ಮೇಲೆ ಈಗ ಬಟ್ಟೆ ಒಣಗುತ್ತದೆ, ಅದನ್ನೂ ಮಾರಲೇ?
– ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಯಜಮಾನರ ಸುಳ್ಳು ಒಂದು ನಿಮಿಷವೂ ನಿಲ್ಲುವುದಿಲ್ಲ. ಕಲಾಯಿ, ಅಂದರೆ ತವರದ ಲೇಪ, ಹಾಕಿಸುವುದು ಅಡುಗೆಯ ಪಾತ್ರೆಗೆ, ಹುಳಿ ಕುದಿಸಿದರೆ ಕಿಲುಬು ಬಿಡಬಾರದೆಂದು. ಸ್ನಾನದ ನೀರಿನ ಹಂಡೆಗೆ ಕಲಾಯಿ ಹಾಕಿಸುವವರುಂಟೇ? ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ಅದು ತಾನೇ ಹೊಳೆಯುತ್ತದೆ. ಸಾಗರದ ಕಡೆಯ ಹೆಂಗಸಿಗೆ ಈ ಮಾತು ಹೇಳಿದರೆ ಹಂಡೆ ಹೋದ ನೋವಿನ ಜೊತೆಗೆ ‘ನನ್ನನ್ನು ದಡ್ಡಿ ಮಾಡಿದರು’ ಎಂಬ ಸಿಟ್ಟೂ ಸೇರುತ್ತದೆ.

ಮೊದಲು ಗುಜರಿ ಅಂಗಡಿಗೆ ಹೋಗಿ. ತಾಮ್ರಕ್ಕೆ ಬೆಲೆ ಹೆಚ್ಚು. ಅದನ್ನು ಸಾಮಾನ್ಯವಾಗಿ ಬೇರೆಯಾಗಿಯೇ ಎತ್ತಿಟ್ಟು, ಒಂದಷ್ಟು ಕೂಡಿದ ಮೇಲೆ ದೊಡ್ಡ ವ್ಯಾಪಾರಿಗೆ ಸಾಗಿಸುತ್ತಾರೆ. ಹಂಡೆ ಇನ್ನೂ ಮೂಲೆಯಲ್ಲಿದ್ದರೆ ಆತ ಕೇಳಿದಷ್ಟು ಕೊಟ್ಟು ತನ್ನಿ, ಚೌಕಾಸಿ ಬೇಡ. ಸಿಗದಿದ್ದರೆ ಅತ್ತೆ ಬಸ್ ಹತ್ತುವ ಮೊದಲೇ ಫೋನ್ ಮಾಡಿ ನೀವೇ ಹೇಳಿ, ಗಂಡನಿಂದ ಹೇಳಿಸಬೇಡಿ. ‘ಕೇಳದೆ ಕೊಟ್ಟುಬಿಟ್ಟೆ, ತಪ್ಪಾಯಿತು’ ಎಂದಷ್ಟೇ ಹೇಳಿ. ಅದೇ ಉಸಿರಿನಲ್ಲಿ ‘ಹೊಸದು ಕೊಡಿಸುತ್ತೇವೆ’ ಎನ್ನಬೇಡಿ. ಅವರು ಬೈಯಲಿ. ಬೈಯದೆ ಫೋನ್ ಇಟ್ಟರೆ ಮರುದಿನ ಮತ್ತೆ ಮಾಡಿ.

ಆ ಹಂಡೆ ಅವರಿಗೆ ಏಕೆ ಬೇಕಿತ್ತು ಎಂಬುದು ನಿಮ್ಮ ಪತ್ರದಲ್ಲೇ ಇದೆ. ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆ ಬೆಳಗಿ, ಕೊರಳಿಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಪೂಜೆ ಮಾಡಿ ತುಂಬಿಟ್ಟ ನೀರು ಬೆಳಗಿನ ಎಣ್ಣೆಸ್ನಾನಕ್ಕೆ. ಗೀಸರ್ ಇರುವ ಫ್ಲ್ಯಾಟಿನಲ್ಲಿ ಅವರ ಊರಿನ ದೀಪಾವಳಿಯಲ್ಲಿ ಉಳಿದದ್ದು ಅಷ್ಟೇ ಇರಬಹುದು. 90 ದಿನ ಮುಟ್ಟದ, ಮುಂದಿನ 90 ದಿನವೂ ಬೇಕಾಗದ ವಸ್ತು ಮನೆಯಲ್ಲಿರಬಾರದು ಎಂಬ ಸೂತ್ರ ಅಮೆರಿಕದ ಮಿನಿಮಲಿಸ್ಟರದ್ದು. ನೀವು ನೋಡಿದ ವಿಡಿಯೊದಲ್ಲೂ ಅದೇ ಇದ್ದಿರಬೇಕು. ಆ ಲೆಕ್ಕ ಹಿಡಿದರೆ ಗೌರಿ ಹಬ್ಬದ ಮೊರ, ದಸರಾ ಗೊಂಬೆ, ಚಕ್ಕುಲಿ ಒರಳು ಎಲ್ಲವೂ ಬೀದಿಗೆ ಬೀಳುತ್ತವೆ. ನಮ್ಮ ಮನೆಗಳ ಲೆಕ್ಕ ಪಂಚಾಂಗದ್ದು.

ಹಾಗೆಂದು ನಿಮ್ಮ ಉಸಿರುಗಟ್ಟುವಿಕೆ ಸುಳ್ಳಲ್ಲ. ಧೂಳು ಹೊಡೆಯುವವರಿಗೆ ಸಾಮಾನು ಕಡಿಮೆ ಮಾಡಬೇಕೆನಿಸುವುದು ನ್ಯಾಯವೇ. ಆದರೆ ಗಮನಿಸಿದಿರಾ, ಮನೆಯಿಂದ ಹೋದದ್ದು ಒಂದು ಹಂಡೆ, ಬಂದದ್ದು ಒಂದು ರಾಶಿ ಪ್ಲಾಸ್ಟಿಕ್ ಡಬ್ಬಿ! ಅಟ್ಟದ ಬಗ್ಗೆ ಅಷ್ಟು ಬರೆದ ನೀವು ಬಾಗಿಲಿಗೆ ಬರುವ ಪಾರ್ಸೆಲ್‌ಗಳ ಬಗ್ಗೆ ಒಂದು ಸಾಲನ್ನೂ ಬರೆದಿಲ್ಲ. ಮೂರು ತಿಂಗಳು ಅಡುಗೆಮನೆಗೆ ಯಾವ ಹೊಸ ವಸ್ತುವೂ ಬೇಡ. ಸಾರಿನ ಪುಡಿ ಹಾರ್ಲಿಕ್ಸ್ ಬಾಟಲಿಯಲ್ಲಿದ್ದರೂ ಘಮಘಮಿಸುತ್ತದೆ. ಅರಿಶಿನ ಕುಂಕುಮಕ್ಕೆ ಕರೆಯುವ ಗೆಳತಿಯರಿಗೆ ‘ರವಿಕೆ ಕಣ ಬೇಡ, ಹೂವು ಹಣ್ಣು ಸಾಕು’ ಎನ್ನಿ, ನೀವೂ ಅಷ್ಟೇ ಕೊಡಿ. ಯಾರೂ ಹೊಲಿಸದ ಆ ಮಿನುಗು ಬಟ್ಟೆ ಮನೆಯಿಂದ ಮನೆಗೆ ಸುತ್ತುವುದು ನಿಲ್ಲಲಿ.

ಇನ್ನು ಹೊರಗೆ ಹಾಕುವುದು. ಜಗಳವಿಲ್ಲದೆ ಹೋಗುವ ಸಾಮಾನು ಬೇಕಾದಷ್ಟಿದೆ: ಊಟ ತರಿಸಿದ ಡಬ್ಬಿಗಳು, ಯಾವ ಮೊಬೈಲ್‌ಗೂ ಹೊಂದದ ಚಾರ್ಜರ್, ಮುಚ್ಚಳವಿಲ್ಲದ ಟಿಫಿನ್, ಅವಧಿ ಮೀರಿದ ಮಾತ್ರೆ. ಮಾತ್ರೆ, ಚಾರ್ಜರ್‌ಗಳನ್ನು ಒಣ ಕಸಕ್ಕೆ ಬೆರೆಸದೆ ಪ್ರತ್ಯೇಕವಾಗಿ ಕೊಡಿ. ಆಮೇಲೆ ನಿಮ್ಮದೇ ಕಪಾಟು. ಮಗಳ ಆಟಿಕೆಗಳಲ್ಲಿ ಅರ್ಧವನ್ನು ಅವಳೆದುರೇ ಚೀಲಕ್ಕೆ ತುಂಬಿ ಮೇಲಿಡಿ, ತಿಂಗಳ ನಂತರ ಅದಲುಬದಲು ಮಾಡಿ. ಹೊಸದು ತಂದಷ್ಟೇ ಖುಷಿ ಪಡುತ್ತಾಳೆ. ಅತ್ತೆಗೆ ಒಂದು ಕಪಾಟು, ಅಟ್ಟದಲ್ಲಿ ಒಂದು ಪಾಲು ಬಿಟ್ಟುಕೊಡಿ. ಅಲ್ಲಿ ಏನಿದೆ, ಏಕಿದೆ ಎಂದು ಕೇಳುವಂತಿಲ್ಲ. ಅದು ತುಂಬಿದ ಮೇಲೆ ಏನು ತೆಗೆಯಬೇಕೆಂದು ಅವರೇ ನೋಡಿಕೊಳ್ಳುತ್ತಾರೆ.

ಈ ವರ್ಷ ಹಬ್ಬದ ನೀರನ್ನು ಯಾವುದಕ್ಕೆ ತುಂಬಬೇಕೆಂದೂ ಅವರನ್ನೇ ಕೇಳಿ. ಹೊಸ ಹಂಡೆ ಬೇಕೆಂದರೆ ಬಾಯಿಮುಚ್ಚಿಕೊಂಡು ಕೊಡಿಸಿ.

ಪತ್ರದ ಕೊನೆಯಲ್ಲಿ, ಯಜಮಾನರ ಟ್ರೆಡ್‌ಮಿಲ್ ಮೇಲೆ ಈಗ ಬಟ್ಟೆ ಒಣಗುತ್ತದೆ, ಅದನ್ನೂ ಮಾರಲೇ ಎಂದು ಕೇಳಿದ್ದೀರಿ. ಮಾರಬೇಡಿ, ಅದು ಅವರ ಸಾಮಾನು. ಆದರೆ ಅದರ ಮೇಲೆ ಬಟ್ಟೆ ಹರವುವುದನ್ನು ಇವತ್ತಿನಿಂದಲೇ ಬಿಡಿ. ಧೂಳು ಹೊಡೆಯುವ ಬಟ್ಟೆಯನ್ನು ಮಾತ್ರ ಮಡಚಿ ಅದರ ಮೇಲಿಟ್ಟು ಅವರಿಗೆ ತೋರಿಸಿ.