ಅಹಮದಾಬಾದಿನ ಕ್ಯಾಲಿಕೋ ಬಟ್ಟೆ ಮ್ಯೂಸಿಯಂ ಒಳಗೆ ಯಾಕೆ ಅಷ್ಟು ಕತ್ತಲೆ?

ಕತ್ತಲೆ ಬೇಕಂತಲೇ ಇಟ್ಟಿರುವುದು. ಹಳೆಯ ಬಟ್ಟೆಗೆ ಬೆಳಕೇ ದೊಡ್ಡ ಶತ್ರು.

ಮನೆಯ ಕಿಟಕಿ ಪರದೆ ಬಿಸಿಲು ಬೀಳುವ ಕಡೆ ಮಾತ್ರ ಮಾಸಿರುತ್ತದೆ, ಅಲ್ವಾ? ಅದೇ ಇಲ್ಲಿಯೂ ಆಗುತ್ತದೆ, ಮತ್ತೆ ಒಮ್ಮೆ ಹೋದ ಬಣ್ಣ ಕತ್ತಲಲ್ಲಿಟ್ಟರೂ ವಾಪಸ್ ಬರುವುದಿಲ್ಲ, ಹಾನಿ ದಿನದಿನಕ್ಕೂ ಸೇರುತ್ತಲೇ ಹೋಗುತ್ತದೆ. ಅರಿಶಿನದ ಹಳದಿ ಬೇಗ ಹಾರಿಹೋಗುತ್ತದೆ, ನೀಲಿ ಗಟ್ಟಿಯಾಗಿ ನಿಲ್ಲುತ್ತದೆ. ಹಾಗಾಗಿ ಇವೆರಡನ್ನು ಸೇರಿಸಿ ಮಾಡಿದ ಹಸಿರು ಎಲೆಗಳು ಎಷ್ಟೋ ಹಳೆಯ ಬಟ್ಟೆಗಳಲ್ಲಿ ಈಗ ನೀಲಿಯಾಗಿ ಕಾಣುತ್ತವೆ! ರೇಷ್ಮೆಯಂತೂ ಬಣ್ಣದ ಜೊತೆಗೆ ಎಳೆಯ ಬಲವನ್ನೂ ಕಳೆದುಕೊಳ್ಳುತ್ತದೆ. ಇಂಥ ಬಟ್ಟೆಗಳಿಗೆ ಮ್ಯೂಸಿಯಂಗಳು ಸಾಮಾನ್ಯವಾಗಿ ಪಾಲಿಸುವ ಮಿತಿ 50 ಲಕ್ಸ್ (ಬೆಳಕಿನ ಅಳತೆ), ಅಂದರೆ ಓದಲು ಬೇಕಾಗುವುದಕ್ಕಿಂತ ತುಂಬಾ ಕಡಿಮೆ ಬೆಳಕು.

ಬಟ್ಟೆ ಗಿರಣಿ ನಡೆಸುತ್ತಿದ್ದ ಕುಟುಂಬದ ಗೌತಮ್ ಸಾರಾಭಾಯಿ ಮತ್ತು ತಂಗಿ ಗೀರಾ 1949ರಲ್ಲಿ ಶುರು ಮಾಡಿದ ಈ ಮ್ಯೂಸಿಯಂ ಈಗ ಅಹಮದಾಬಾದಿನ ಶಾಹಿಬಾಗ್‌ ಬಡಾವಣೆಯ ಅವರ ಕುಟುಂಬದ ಮನೆಯಂಗಳದಲ್ಲಿದೆ. ಮೊಘಲರ ಕಾಲದ ಡೇರೆ, ಕಾಶ್ಮೀರಿ ಶಾಲು ಎಲ್ಲವೂ ಇವೆ. ಆದರೆ ನನ್ನ ಮಟ್ಟಿಗೆ ಗುಜರಾತಿನ ಪಾಟಣ ಊರಿನ ಪಟೋಲ ಸೀರೆಗಳ ಮುಂದೆ ಜಾಸ್ತಿ ಹೊತ್ತು ನಿಲ್ಲಬೇಕು. ಅದರಲ್ಲಿ ಹಾಸು, ಹೊಕ್ಕು ಎರಡೂ ನೂಲನ್ನು ನೇಯುವ ಮೊದಲೇ ಕಟ್ಟಿ ಕಟ್ಟಿ ಬಣ್ಣಕ್ಕೆ ಅದ್ದುತ್ತಾರೆ, ಮಗ್ಗದ ಮೇಲೆ ಒಂದೊಂದು ಗುರುತೂ ಸರಿಯಾಗಿ ಕೂಡಬೇಕು, ಒಂದು ಸೀರೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಒಳಗೆ ಹೋದ ಕೂಡಲೇ ಅವಸರ ಮಾಡಬೇಡಿ. ಕಣ್ಣು ಹೊಂದಿಕೊಳ್ಳಲು ಐದು ನಿಮಿಷ ಕೊಡಿ, ಬಣ್ಣಗಳು ತಾವಾಗಿಯೇ ಎದ್ದು ಕಾಣುತ್ತವೆ. ಮುಂಚಿತವಾಗಿ ಬುಕ್ ಮಾಡಿಕೊಂಡೇ ಹೋಗಿ.